ಕೂಸಿಗೇನು ತಿಳಿಯುತ್ತದೆ?

‘ಹತ್ತು ತಿಂಗಳ ಕೂಸಿಗೇನು ತಿಳಿಯುತ್ತದೆ? ಅಷ್ಟು ದುಡ್ಡು ಸುರಿದು, ಅಷ್ಟು ದೂರ ಹೊತ್ತುಕೊಂಡು ಹೋಗಿ, ಬಿಸಿಲಿನಲ್ಲಿ ಸುತ್ತಿಸಿಕೊಂಡು ಬರುವ ಬದಲು ಮನೆಯಲ್ಲೇ ಎರಡು ಚಮಚ ಬಾರಿಸಿದರೂ ಅದಕ್ಕೆ ಅಷ್ಟೇ ಸಂತೋಷ.’

2022ರ ನವೆಂಬರಿನಲ್ಲಿ, ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿರುವ ಮಗಳ ಮನೆಯ ಅಡುಗೆಕೋಣೆಯಲ್ಲಿ ನಿಂತು ನಾನು ಆಡಿದ ಮಾತಿದು. ಡಿಸ್ನಿ ವರ್ಲ್ಡಿಗೆ ಹೋಗಿಬರೋಣವೆಂದು ಅಳಿಯ ಪ್ರಸ್ತಾಪವೆತ್ತಿದ್ದ. ನನ್ನ ಮಾತಿಗೆ ಮಗಳು ಏನೂ ಪ್ರತಿ ಹೇಳಲಿಲ್ಲ. ಕೂಸಿನ ಅಂಗಿಗಳನ್ನು ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು. ಹಠ ಮಾಡಿದ್ದರೆ, ನಾಲ್ಕು ಮಾತು ಎದುರಾಡಿದ್ದರೆ ನಾನು ಗೆದ್ದುಬಿಡುತ್ತಿದ್ದೆನೋ ಏನೋ. ಚಿಕ್ಕಂದಿನಿಂದಲೂ ಮಾತಿಗೆ ಮಾತು ಜೋಡಿಸುತ್ತಿದ್ದ ಹುಡುಗಿ ಅಂದು ಸುಮ್ಮನಾದದ್ದು ನನ್ನನ್ನು ಕಾಡಿತು.

ಮಗಳು ಮಲಗಿದ ಮೇಲೆ ಅಳಿಯ ಮೆಲ್ಲನೆ ಹೇಳಿದ: ‘ಅತ್ತೆ, ತಪ್ಪು ತಿಳಿಯಬೇಡಿ. ಆಸ್ಪತ್ರೆಗೆ, ದಿನಸಿ ಅಂಗಡಿಗೆ ಬಿಟ್ಟರೆ ಅವಳು ಹೊರಗೆ ಹೋಗಿ ಹತ್ತು ತಿಂಗಳಾಯಿತು. ಮೊನ್ನೆ ಕಿಟಕಿಯ ಹತ್ತಿರ ನಿಂತವಳು, ಹೊರಗಿನ ಗಾಳಿ ಹೇಗಿರುತ್ತದೆ ಅನ್ನುವುದೇ ಮರೆತುಹೋಗಿದೆ ಎಂದಳು.’

ಅಮೆರಿಕದಲ್ಲಿ ಮಕ್ಕಳಿರುವ ನಮ್ಮಂಥ ಮನೆಗಳಲ್ಲಿ ಬಾಣಂತನವೆಂಬುದು ಈಗ ಪಾಳಿಯ ಕೆಲಸ. ವೀಸಾ ನಿಯಮದ ಪ್ರಕಾರ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಮೊದಲು ತಾಯಿಯ ಕಡೆಯವರು, ಆಮೇಲೆ ತಂದೆಯ ಕಡೆಯವರು. ಜನವರಿಯಲ್ಲಿ ಕೂಸು ಹುಟ್ಟಿದಾಗ ನಾನಿದ್ದೆ. ಎಣ್ಣೆಸ್ನಾನ, ಸಾಂಬ್ರಾಣಿ ಹೊಗೆ, ಬಜೆ, ಕುಲಾವಿ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಪೂರೈಸಿ ಜೂನಿನಲ್ಲಿ ಬೆಂಗಳೂರಿಗೆ ಮರಳಿದೆ. ಬೀಗರ ಸರದಿ ಮುಗಿದ ಮೇಲೆ ಮತ್ತೆ ಬಂದೆ. ಈ ನಡುವೆ ಮಗಳು ಕೆಲಸಕ್ಕೆ ಮರಳಿದ್ದಳು. ಕೆಲಸವೆಂದರೆ ಮನೆಯದೇ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುವುದು. ಆ ದೇಶದ ಒಕ್ಕೂಟ ಸರ್ಕಾರ 1993ರಲ್ಲಿ ಮಾಡಿದ ಕಾಯಿದೆ ಬಾಣಂತಿಗೆ ಖಾತರಿಪಡಿಸುವುದು 12 ವಾರಗಳ ರಜೆ, ಅದೂ ಸಂಬಳವಿಲ್ಲದ್ದು. ಐವತ್ತಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಅದೂ ಅನ್ವಯಿಸುವುದಿಲ್ಲ. ಕೂಸು ಒಂದು ಕೋಣೆಯಲ್ಲಿ, ಕೆಲಸ ಇನ್ನೊಂದರಲ್ಲಿ. ನಡುವಿನ ಹತ್ತು ಹೆಜ್ಜೆಗಳೇ ಅವಳ ಲೋಕವಾಗಿದ್ದವು. ಮನೆ ತುಂಬ ಹಿರಿಯರಿದ್ದರೂ ಇದನ್ನು ನಾವಾರೂ ಗಮನಿಸಿರಲಿಲ್ಲ. ಗಮನಿಸಿದ್ದರೂ ‘ಕೈಗೂಸಿನ ತಾಯಿ, ಮನೆಯಲ್ಲಿರುವುದೇ ಕ್ಷೇಮ’ ಎಂದುಕೊಂಡು ಸುಮ್ಮನಾಗುತ್ತಿದ್ದೆವು.

ಮರುದಿನ ಬೆಳಿಗ್ಗೆ ನಾನೇ ಎದ್ದು ರಾಗಿ ಸರಿ ಮಾಡಿ ಫ್ಲಾಸ್ಕಿಗೆ ತುಂಬಿದೆ. ಕೂಸಿನ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟೆ. ‘ಹೊರಡಿ, ಬಿಸಿಲೇರುವ ಮುಂಚೆ ತಲುಪೋಣ’ ಎಂದೆ. ಮಗಳು ನನ್ನ ಮುಖವನ್ನೇ ನೋಡಿದಳು.

ಟ್ಯಾಂಪಾದಿಂದ ಒರ್ಲ್ಯಾಂಡೊ ಬಳಿಯ ಡಿಸ್ನಿ ವರ್ಲ್ಡಿಗೆ ಕಾರಿನಲ್ಲಿ ಒಂದೂವರೆ ಗಂಟೆಯ ಹಾದಿ. ಉದ್ಯಾನವೆಂದರೆ ನಮ್ಮ ಕಬ್ಬನ್ ಪಾರ್ಕನ್ನೋ ಬಾಲಭವನದ ಪುಟಾಣಿ ರೈಲನ್ನೋ ನೆನೆಯುವವರಿಗೆ ಅದರ ವಿಸ್ತಾರ ಅಂದಾಜಿಗೆ ಸಿಗುವಂಥದ್ದಲ್ಲ. ಸುಮಾರು 25 ಸಾವಿರ ಎಕರೆ. ಒಂದು ಕಾಲಕ್ಕೆ ಜೌಗು ನೆಲ, ಕುರುಚಲು ಕಾಡು. ಅದರಲ್ಲೀಗ ನಾಲ್ಕು ಬೇರೆ ಬೇರೆ ಉದ್ಯಾನಗಳಿವೆ. ನಾವು ಹೋದದ್ದು ಮೊದಲನೆಯದಾದ, 1971ರ ಅಕ್ಟೋಬರ್ 1ರಂದು ತೆರೆದ ಮ್ಯಾಜಿಕ್ ಕಿಂಗ್‌ಡಮ್‌ಗೆ. ಇದನ್ನು ಕನಸಿದ ವಾಲ್ಟ್ ಡಿಸ್ನಿ ಇದನ್ನು ನೋಡಲಿಲ್ಲ. 1966ರ ಡಿಸೆಂಬರಿನಲ್ಲೇ ತೀರಿಕೊಂಡ. ನಿವೃತ್ತಿಯನ್ನು ಮುಂದಕ್ಕೆ ಹಾಕಿ ಕೆಲಸ ಮುಗಿಸಿದವನು ಅವನ ಅಣ್ಣ ರಾಯ್. ಬಾಗಿಲು ತೆರೆದ ಮೂರು ತಿಂಗಳೊಳಗೆ ಆ ಅಣ್ಣನೂ ಇಲ್ಲವಾದ.

ಕಾರು ನಿಲ್ಲಿಸುವ ಜಾಗಕ್ಕೂ ಉದ್ಯಾನಕ್ಕೂ ನಡುವೆ ತೋಡಿ ಮಾಡಿದ ಒಂದು ದೊಡ್ಡ ಸರೋವರವಿದೆ. ಅದನ್ನು ದಾಟಲು ದೋಣಿ, ಇಲ್ಲವೇ ಒಂದೇ ಹಳಿಯ ಮೇಲೆ ಓಡುವ ಮಾನೊರೈಲು. ನಾವು ದೋಣಿ ಹತ್ತಿದೆವು. ಕೂಸನ್ನು ತಳ್ಳುಗಾಡಿಯಿಂದ ಇಳಿಸದೆ ಹಾಗೆಯೇ ಒಳಗೆ ತಳ್ಳಿಕೊಂಡು ಹೋಗಬಹುದಿತ್ತು. ಇದು ಸಣ್ಣ ಸಂಗತಿ. ಆದರೆ ಒಂದು ಕೈಯಲ್ಲಿ ನಿದ್ದೆಗಣ್ಣಿನ ಮಗು, ಇನ್ನೊಂದರಲ್ಲಿ ಚೀಲ, ಬಾಯಲ್ಲಿ ಟಿಕೀಟು ಕಚ್ಚಿಕೊಂಡು ಬಸ್ಸು ಹತ್ತಿದವರಿಗೆ ಅದರ ಬೆಲೆ ಗೊತ್ತು.

ಟಿಕೀಟು ಒಬ್ಬೊಬ್ಬರಿಗೆ ನೂರು ಡಾಲರಿಗೂ ಹೆಚ್ಚು. ಡಾಲರನ್ನು ರೂಪಾಯಿಗೆ ಗುಣಿಸುವ ನನ್ನ ಚಟ ಅಲ್ಲಿ ಕೈಕೊಡಲಿಲ್ಲ. ತಲೆಗೆ ಎಂಟು ಸಾವಿರಕ್ಕೂ ಮೇಲೆಂದು ಲೆಕ್ಕ ಹಾಕಿ ಮೌನವಾಗಿ ನರಳಿದೆ. ಮೂರು ವರ್ಷ ತುಂಬದ ಮಕ್ಕಳಿಗೆ ಮಾತ್ರ ಟಿಕೀಟೇ ಬೇಕಿಲ್ಲ. ‘ನೋಡು, ಅವರಿಗೂ ಗೊತ್ತು, ಕೂಸಿಗೇನೂ ತಿಳಿಯುವುದಿಲ್ಲವೆಂದು’ ಎಂದು ನಮ್ಮವರು ನನ್ನನ್ನು ಕೆಣಕಿದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೇನೋ ಎಂದು ನಾನು ರಾಗಿ ಸರಿಯ ಫ್ಲಾಸ್ಕನ್ನು ಸೀರೆಗಳ್ಳಿಯಂತೆ ಸೆರಗಿನಡಿ ಹಿಡಿದಿದ್ದೆ. ತಪಾಸಣೆಯವನು ಅದನ್ನು ನೋಡಿ, ಕೂಸನ್ನು ನೋಡಿ, ನಕ್ಕು ಮುಂದೆ ಕಳಿಸಿದ.

ಒಳಗೆ ಮೊದಲ ಒಂದು ಗಂಟೆ ನಾನು ಕಂಡದ್ದು ಕೋಟೆಯನ್ನಲ್ಲ, ತಳ್ಳುಗಾಡಿಗಳನ್ನು. ನೂರಾರು ಗಾಡಿಗಳು. ಅಷ್ಟು ಎಳೆಯ ಕೂಸುಗಳನ್ನು ಅಷ್ಟು ಸಂಖ್ಯೆಯಲ್ಲಿ ಮನೆಯ ಹೊರಗೆ ನಾನೆಂದೂ ಕಂಡಿರಲಿಲ್ಲ. ಮೂರು ತಿಂಗಳದೂ ಇತ್ತು, ಅವಳಿಯೂ ಇತ್ತು. ಪ್ರತಿ ಆಟದ ಬಾಗಿಲಲ್ಲಿ ಗಾಡಿ ಬಿಡಲು ಗುರುತು ಮಾಡಿದ ಜಾಗ. ನಾವು ಒಳಗಿದ್ದಾಗ ಅಲ್ಲಿನ ನೌಕರರು ಅವನ್ನು ಸಾಲಾಗಿ ಜೋಡಿಸಿಡುತ್ತಿದ್ದರು. ಮರಳಿ ಬಂದು ನಮ್ಮದು ಎಲ್ಲಿ ಹೋಯಿತೆಂದು ಹುಡುಕುವುದೇ ಒಂದು ಆಟ. ಕೊನೆಗೆ ನಮ್ಮವರು ತಮ್ಮ ಹಳದಿ ಕರವಸ್ತ್ರವನ್ನು ಅದರ ಹಿಡಿಗೆ ಕಟ್ಟಿದರು.

ಕೂಸಿನೊಂದಿಗೆ ಏರಬಹುದಾದ ಆಟಗಳು ನಾನೆಣಿಸಿದ್ದಕ್ಕಿಂತ ಬಹಳ ಇದ್ದವು. ಮೊದಲು ಹೋದದ್ದು ಗೊಂಬೆಗಳ ಲೋಕದೊಳಗಿನ ದೋಣಿಯಾನಕ್ಕೆ. ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಎಂಬ ಈ ಆಟ ಮೊದಲು ತಯಾರಾದದ್ದು 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆ, ಯೂನಿಸೆಫ್ ಸಂಸ್ಥೆಯ ನೆರವಿಗೆಂದು. ಮೇರಿ ಬ್ಲೇರ್ ಎಂಬ ಕಲಾವಿದೆಯ ಬಣ್ಣಗಾರಿಕೆ ಅದರ ಜೀವಾಳ. ನಾನಾ ದೇಶಗಳ ಉಡುಪು ತೊಟ್ಟ ಗೊಂಬೆಗಳು ಹಾಡುತ್ತಾ ಕುಣಿಯುತ್ತವೆ. ನಡುವೆ ಕಾಲುವೆಯಲ್ಲಿ ದೋಣಿ ತೇಲುತ್ತದೆ. ನನಗೋ ನವರಾತ್ರಿಯಲ್ಲಿ ಗೊಂಬೆ ಕೂರಿಸುವ ನಮ್ಮ ಮನೆಯ ನಡುಮನೆಯೊಳಗೆ ದೋಣಿಯಲ್ಲಿ ಹೋದಂತೆ ಅನ್ನಿಸಿತು. ಕೂಸು ಬಾಯಿ ತೆರೆದುಕೊಂಡು ನೋಡುತ್ತಿತ್ತು. ನಿಜ ಹೇಳಬೇಕೆಂದರೆ ಗೊಂಬೆಗಳನ್ನಲ್ಲ, ಅಜ್ಜನ ಕನ್ನಡಕದ ಗಾಜಿನ ಮೇಲೆ ಮಿನುಗುತ್ತಿದ್ದ ಬಣ್ಣಗಳನ್ನು.

ಆಮೇಲೆ ಮರಗುದುರೆಗಳ ರಾಟೆ. 1917ರಲ್ಲಿ ಫಿಲಡೆಲ್ಫಿಯಾದ ಕಂಪನಿಯೊಂದು ಮಾಡಿದ್ದನ್ನು 1967ರಲ್ಲಿ ಕೊಂಡು ತಂದು ದುರಸ್ತಿ ಮಾಡಿ ನಿಲ್ಲಿಸಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಒಬ್ಬ ಕೈಯಿಂದ ತಳ್ಳಿ ತಿರುಗಿಸುತ್ತಿದ್ದ ರಾಟೆಯ ಶ್ರೀಮಂತ ದಾಯಾದಿ. ಮಗಳು ಕೂಸನ್ನು ಎದೆಗವಚಿಕೊಂಡು ಕುದುರೆಯ ಪಕ್ಕ ನಿಂತಳು. ಆ ಮೇಲೆ ಉಗಿಯಂತ್ರದ ಚಕ್ರದೋಣಿ. ಮರದ ದ್ವೀಪವೊಂದನ್ನು ಸುತ್ತಿಬರುವ ಆ ನಿಧಾನದ ಪಯಣದಲ್ಲಿ ಕೂಸು ತಾಯಿಯ ಹೆಗಲ ಮೇಲೆ ನಿದ್ದೆ ಹೋಯಿತು. ಮಗಳು ಕಟಕಟೆಗೆ ಒರಗಿ ನೀರನ್ನೇ ನೋಡುತ್ತಿದ್ದಳು. ಗಾಳಿಗೆ ಅವಳ ಕೂದಲು ಹಾರುತ್ತಿತ್ತು. ಹೊರಗಿನ ಗಾಳಿಯೆಂದು ಅವಳು ಹೇಳಿದ್ದು ಇದನ್ನೇ ಇರಬೇಕು.

ನಿದ್ದೆಯಿಂದ ಎದ್ದ ಕೂಸಿಗೆ ಹಸಿವು. ಅದು ಕಿರುಚತೊಡಗಿದಾಗ ಮಗಳ ಮುಖದಲ್ಲಿ ಮೂಡಿದ ಗಾಬರಿಯನ್ನು ನಾನು ಗುರುತಿಸಬಲ್ಲೆ. ಅದು ಮಗುವಿನ ಹಸಿವಿನ ಗಾಬರಿಯಲ್ಲ, ಸುತ್ತಲಿನವರ ಕಣ್ಣುಗಳ ಗಾಬರಿ. ಅಳಿಯ ನಕ್ಷೆ ನೋಡಿ ದಾರಿ ತೋರಿಸಿದ. ಮುಖ್ಯ ಬೀದಿಯ ತುದಿಯಲ್ಲಿ, ಪ್ರಥಮ ಚಿಕಿತ್ಸೆಯ ಕೇಂದ್ರದ ಪಕ್ಕ, ಮಕ್ಕಳ ಆರೈಕೆಯ ಮನೆಯೊಂದಿತ್ತು.

ಆ ಮನೆಯನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಇಡೀ ದಿನದಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಕೋಟೆಯಲ್ಲ, ಇದು. ಮಂದ ಬೆಳಕಿನ ಒಂದು ಕೋಣೆ, ಅದರಲ್ಲಿ ತೂಗುಕುರ್ಚಿಗಳು. ತಾಯಂದಿರು ನಿರಾಳವಾಗಿ ಕುಳಿತು ಹಾಲೂಡಬಹುದು. ಪಕ್ಕದಲ್ಲಿ ಮೆತ್ತೆ ಹಾಸಿದ ಮೇಜುಗಳು, ಮಗುವಿನ ಬಟ್ಟೆ ಬದಲಿಸಲು. ಇನ್ನೊಂದೆಡೆ ಉಣಿಸಲು ಎತ್ತರದ ಕುರ್ಚಿಗಳು. ಒಂದು ಪುಟ್ಟ ಅಡುಗೆಮನೆ, ನೀರಿನ ತೊಟ್ಟಿ, ಆಹಾರ ಬೆಚ್ಚಗಾಗಿಸಲು ಮೈಕ್ರೊವೇವ್ ಒಲೆ. ಮರೆತು ಬಂದವರಿಗೆ ಕೊಳ್ಳಲು ಡೈಪರು, ಹಾಲಿನಪುಡಿ. ತಂದೆಯರೂ ಸಲೀಸಾಗಿ ಓಡಾಡುತ್ತಿದ್ದರು. ಒಬ್ಬ ಭಾರೀ ಆಳು, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡವನು, ಹಾಡು ಗುನುಗುತ್ತಾ ಮಗುವಿನ ಬಟ್ಟೆ ಬದಲಿಸುತ್ತಿದ್ದ. ಇದಕ್ಕೆಲ್ಲ ಬೇರೆ ಶುಲ್ಕವಿಲ್ಲ. ನಾನು ರಾಗಿ ಸರಿ ಬೆಚ್ಚಗೆ ಮಾಡುತ್ತಿದ್ದಾಗ ಪಕ್ಕದ ತಾಯಿಯೊಬ್ಬಳು ಬಟ್ಟಲನ್ನು ಇಣುಕಿ, ‘ಚಾಕೊಲೇಟೇ?’ ಎಂದಳು. ‘ಅಲ್ಲಮ್ಮ, ಧಾನ್ಯ’ ಎಂದೆ. ಹತ್ತು ತಿಂಗಳಿಗೇ ಧಾನ್ಯವನ್ನು ಹೀಗೆ ಚಪ್ಪರಿಸುವ ಕೂಸನ್ನು ಅವಳು ಮೆಚ್ಚುಗೆಯಿಂದ ನೋಡಿದಳು. ನಮ್ಮ ಕೂಸಿಗೆ ದೃಷ್ಟಿ ತಾಗೀತೆಂದು ನನಗೆ ಅಳುಕು!

ಮಂದ ಬೆಳಕಿನ ಕೋಣೆಯಲ್ಲಿ ತೂಗುಕುರ್ಚಿಯ ಮೇಲೆ ಕುಳಿತು ಮಗಳು ಹಾಲೂಡಿಸುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡಿದೆ. ಆಗ, ನಾನು ಎಷ್ಟೋ ವರ್ಷಗಳಿಂದ ನೆನೆಯದಿದ್ದ ಒಂದು ಸಂಜೆ ನೆನಪಾಯಿತು.

1988. ಇದೇ ಮಗಳಿಗೆ ಆಗ ಎಂಟು ತಿಂಗಳು. ನಮ್ಮ ಊರಿಗೆ ಬಂದಿದ್ದ ಒಂದು ವಸ್ತುಪ್ರದರ್ಶನಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ನನ್ನದು ಹೆರಿಗೆಯ ನಂತರದ ಮೊದಲ ತಿರುಗಾಟ. ಹೊಸ ಸೀರೆ ಉಟ್ಟಿದ್ದೆ. ಕೂಸು ಹಸಿದು ಅಳತೊಡಗಿತು. ಕೂರಲು ಎಲ್ಲಿಯೂ ಜಾಗವಿಲ್ಲ. ಕೊನೆಗೆ ಬಳೆ ಅಂಗಡಿಯೊಂದರ ಹಿಂದೆ, ಖಾಲಿ ಪೆಟ್ಟಿಗೆಗಳ ನಡುವೆ, ಗೋಡೆಗೆ ಮುಖ ಮಾಡಿ ನಿಂತೇ ಹಾಲೂಡಿಸಿದೆ. ಆಚೆ ಈಚೆ ಓಡಾಡುವ ಗಂಡಸರು ಬಗ್ಗಿ ನೋಡುತ್ತಿದ್ದರು. ಸೆರಗನ್ನು ಎಷ್ಟು ಎಳೆದರೂ ಸಾಲದು. ಕೂಸು ಉಸಿರುಗಟ್ಟಿ ಮತ್ತಷ್ಟು ಅತ್ತಿತು. ಮನೆಗೆ ಬಂದ ಮೇಲೆ ಅತ್ತೆ ಹೇಳಿದ್ದು ಒಂದೇ ಮಾತು: ‘ಇದಕ್ಕೇ ನಾನು ಬೇಡ ಅಂದದ್ದು. ಕೂಸಿಗೇನು ತಿಳಿಯುತ್ತೆ?’ ಅವರು ಕೆಟ್ಟವರಲ್ಲ. ನನ್ನ ಬಾಣಂತನಕ್ಕೆ ಅವರು ಮಾಡಿದ ಸೇವೆಯನ್ನು ಮರೆಯಲಾರೆ. ಆದರೆ ಆ ಮಾತಿನ ನಂತರ ಎರಡು ವರ್ಷ ನಾನು ಎಲ್ಲಿಗೂ ಹೋಗಲಿಲ್ಲ. ಯಾರೂ ತಡೆದದ್ದಲ್ಲ. ನಾನೇ ಹೋಗಲಿಲ್ಲ. ಮದುವೆ ಮುಂಜಿಗಳಿಗೂ ‘ಕೂಸಿದೆ’ ಎಂದು ಹೇಳಿಕಳಿಸಿದೆ.

ಅತ್ತೆಯ ಆ ಮಾತನ್ನೇ ಮೂವತ್ತನಾಲ್ಕು ವರ್ಷ ಜೋಪಾನವಾಗಿಟ್ಟುಕೊಂಡಿದ್ದು, ಸಮುದ್ರ ದಾಟಿ ತಂದು, ಹಿಂದಿನ ದಿನ ಮಗಳಿಗೆ ಒಪ್ಪಿಸಿದ್ದೆ.

ಹಾಗಾದರೆ ಕೂಸಿಗೆ ನಿಜಕ್ಕೂ ಏನು ತಿಳಿಯುತ್ತದೆ? ಬೆಂಗಳೂರಿಗೆ ಮರಳಿದ ಮೇಲೆ ಕುತೂಹಲಕ್ಕೆ ಒಂದಿಷ್ಟು ಓದಿದೆ. ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನ ಘಟನೆಗಳು ದೊಡ್ಡವರ ನೆನಪಿನಲ್ಲಿ ಉಳಿಯುವುದು ಅಪರೂಪವೆಂಬುದು ಮನಶ್ಶಾಸ್ತ್ರದ ಬಹುಕಾಲದ ಮಾತು. ಹಾಗೆಂದು ಕೂಸಿಗೆ ನೆನಪೇ ಇಲ್ಲವೆನ್ನುವಂತಿಲ್ಲ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ರೊವಿ-ಕೋಲಿಯರ್ ಇದನ್ನು ಸರಳ ಪ್ರಯೋಗಗಳಿಂದ ತೋರಿಸಿದರು. ತೊಟ್ಟಿಲ ಮೇಲೆ ತೂಗುವ ಆಟಿಕೆಯಿಂದ ಕೂಸಿನ ಕಾಲಿಗೆ ಒಂದು ಪಟ್ಟಿ ಕಟ್ಟಿದರು. ಕಾಲು ಒದ್ದರೆ ಆಟಿಕೆ ಕುಣಿಯುತ್ತದೆಂದು ಕೂಸು ಬೇಗ ಕಲಿಯಿತು. ದಿನಗಳು ಕಳೆದು ಮತ್ತೆ ಅದೇ ಆಟಿಕೆ ತೋರಿಸಿದಾಗ, ಮೂರು ತಿಂಗಳ ಕೂಸುಗಳು ಸುಮಾರು ಒಂದು ವಾರದವರೆಗೆ, ಆರು ತಿಂಗಳವು ಎರಡು ವಾರದವರೆಗೆ ಕಲಿತದ್ದನ್ನು ನೆನಪಿಟ್ಟಿದ್ದವು. ಇನ್ನೂ ದೊಡ್ಡ ಕೂಸುಗಳಿಗೆ ಆಟದ ರೈಲೊಂದನ್ನು ಓಡಿಸುವ ಸನ್ನೆ ಕೊಟ್ಟು ನೋಡಿದರು. ಒಂಬತ್ತು ತಿಂಗಳವುಗಳ ನೆನಪು ಆರು ವಾರ, ಒಂದು ವರ್ಷದವುಗಳದು ಎಂಟು ವಾರ ನಿಂತಿತು. ಈ ಲೆಕ್ಕ ಹಿಡಿದರೆ ನಮ್ಮ ಕೂಸಿಗೆ ಆ ದಿನದ ಯಾವುದೋ ಒಂದು ತುಣುಕು ಹೊಸ ವರ್ಷದ ಹೊತ್ತಿನವರೆಗೆ ಉಳಿದಿದ್ದರೂ ಉಳಿದಿರಬಹುದು. ಬಹುಶಃ ಅಜ್ಜನ ಕನ್ನಡಕ.

ಆದರೆ ಪ್ರಶ್ನೆಯೇ ತಪ್ಪು ಎಂಬುದು ನನಗೆ ಹೊಳೆದದ್ದು ಪುಸ್ತಕದಲ್ಲಲ್ಲ, ಅದೇ ದಿನದ ಮಧ್ಯಾಹ್ನ, ಒಂದು ಬೆಂಚಿನ ಮೇಲೆ.

ಏಳು ಕುಳ್ಳರ ಗಣಿಯ ರೈಲು ಎಂಬ ಆಟವೊಂದಿದೆ. 38 ಅಂಗುಲಕ್ಕಿಂತ ಗಿಡ್ಡ ಇರುವವರಿಗೆ ಪ್ರವೇಶವಿಲ್ಲ. ಕೈಗೂಸಿನ ತಂದೆತಾಯಿಗಳಿಗೆಂದು ಅಲ್ಲೊಂದು ಏರ್ಪಾಡು ಇದೆ. ಒಬ್ಬರು ಹೋಗಿಬರುವವರೆಗೆ ಇನ್ನೊಬ್ಬರು ಹೊರಗೆ ಮಗುವನ್ನು ನೋಡಿಕೊಳ್ಳಬಹುದು. ಆಮೇಲೆ ಅವರು ಉದ್ದನೆಯ ಸಾಲಿನಲ್ಲಿ ಮೊದಲಿನಿಂದ ನಿಲ್ಲದೆ ಹೋಗಬಹುದು. ಅಳಿಯ ಅದನ್ನು ವಿವರಿಸುತ್ತಿದ್ದಂತೆ ಮಗಳು, ‘ನೀನು ಹೋಗಿ ಬಾ, ನಾನಿಲ್ಲೇ ಇರ್ತೀನಿ’ ಎಂದಳು. ಹತ್ತು ತಿಂಗಳಿಂದ ಅಭ್ಯಾಸವಾದ ಮಾತು. ನಾನು ಕೂಸನ್ನು ಅವಳ ತೋಳಿನಿಂದ ಎತ್ತಿಕೊಂಡೆ. ‘ಇಬ್ಬರೂ ಒಟ್ಟಿಗೆ ಹೋಗಿ. ನಾವಿಲ್ಲವೇ?’ ಎಂದೆ.

‘ಅತ್ತರೆ ಏನು ಮಾಡ್ತೀಯಮ್ಮ?’

‘ನೀನು ಅಳಲಿಲ್ಲವೇ? ನಾನು ಸಾಕಲಿಲ್ಲವೇ?’

ನೆರಳಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತೆವು. ನಮ್ಮವರು ಮಂಡಿನೋವಿನ ನೆಪ ಹೇಳಿ ಶೂ ಬಿಚ್ಚಿ ತೂಕಡಿಸಿದರು. ಡಿಸ್ನಿಯ ಬದುಕಿನ ಬಗ್ಗೆ ಬರೆದವರು ಹೇಳುವ ಒಂದು ಪ್ರಸಂಗವಿದೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳು, ಡಯಾನ್ ಮತ್ತು ಶ್ಯಾರನ್, ಮರಗುದುರೆಯ ರಾಟೆಯಲ್ಲಿ ಸುತ್ತುತ್ತಿದ್ದಾಗ ಆತ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಾ ಕಾಯುತ್ತಿದ್ದನಂತೆ. ಮಕ್ಕಳಿಗೆ ಮಾತ್ರ ಆಟ, ದೊಡ್ಡವರಿಗೆ ಬೆಂಚೇ ಏಕೆ, ಎಲ್ಲರೂ ಸೇರಿ ನಲಿಯುವ ಜಾಗ ಬೇಡವೇ ಎಂದು ಅಲ್ಲಿ ಮೂಡಿದ ಯೋಚನೆಯೇ ಮುಂದೆ 1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಆಯಿತು. ಆ ದಿನ ನಮ್ಮ ಬೆಂಚಿನಲ್ಲಿ ವಿಷಯ ತಿರುವುಮುರುವಾಗಿತ್ತು. ಬೆಂಚಿನಲ್ಲಿ ಕೂಸು, ರಾಟೆಯಲ್ಲಿ ಅದರ ಅಪ್ಪ ಅಮ್ಮ.

ರೈಲು ತಿರುವಿನಲ್ಲಿ ಇಳಿಯುವಾಗ ಕೇಳಿಬಂದ ಕೂಗುಗಳಲ್ಲಿ ಒಂದು ನಗು ನನ್ನ ಮಗಳದು. ಅದನ್ನು ಗುರುತಿಸಲು ನನಗೆ ಕ್ಷಣ ಹಿಡಿಯಿತು; ಅಷ್ಟು ದಿನವಾಗಿತ್ತು ಅದನ್ನು ಕೇಳಿ. ಕೂಸು ಮಾತ್ರ ಕೂಡಲೇ ಆ ಕಡೆ ತಲೆ ತಿರುಗಿಸಿತು. ಕೂಸಿಗೇನು ತಿಳಿಯುತ್ತದೆ ಎಂದರೆ, ತಾಯಿಯ ಮುಖ ತಿಳಿಯುತ್ತದೆ, ದನಿ ತಿಳಿಯುತ್ತದೆ. ಅದು ಬಾಡಿದ್ದೂ ತಿಳಿಯುತ್ತದೆ, ಅರಳಿದ್ದೂ ತಿಳಿಯುತ್ತದೆ.

ಇದನ್ನು ಅಮೆರಿಕದ ಗುಣಗಾನವೆಂದು ಓದುಗರು ಭಾವಿಸಬಾರದು. ತೂಗುಕುರ್ಚಿ ಇದ್ದದ್ದು ನೂರು ಡಾಲರು ತೆತ್ತವರಿಗೆ. ಸಾರ್ವಜನಿಕ ಸ್ಥಳದಲ್ಲಿ ಹಾಲೂಡುವ ತಾಯಿಯ ಹಕ್ಕನ್ನು ಕಾಯಿದೆಯಲ್ಲಿ ಬರೆದ ಮೊದಲ ರಾಜ್ಯ ಫ್ಲಾರಿಡಾ, 1993ರಲ್ಲಿ. ಅದೇ ವರ್ಷ ಆ ದೇಶ ಬಾಣಂತಿಯರಿಗೆ ಸಂಬಳವಿಲ್ಲದ 12 ವಾರ ರಜೆ ಸಾಕೆಂದು ತೀರ್ಮಾನಿಸಿತು. ಒಂದು ಕೈಯಲ್ಲಿ ಕುರ್ಚಿ ಕೊಟ್ಟು ಇನ್ನೊಂದರಲ್ಲಿ ಕೂರುವ ಬಿಡುವನ್ನೇ ಕಿತ್ತುಕೊಂಡಂತೆ. ನಮ್ಮದು ಇದಕ್ಕೆ ಉಲ್ಟಾ. ನಮ್ಮ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಮಾಡಿದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ 26 ವಾರಗಳ ರಜೆ ಕೊಟ್ಟಿತು, ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಕಟ್ಟಡದ ಕೆಲಸದವಳಿಗೆ, ಮನೆಗೆಲಸದವಳಿಗೆ ಅದರ ಫಲ ಮುಟ್ಟುವುದಿಲ್ಲವೆಂಬುದು ಬೇರೆ ಮಾತು. ಆದರೆ ರಜೆಯಲ್ಲಿರುವ ತಾಯಿ ಮನೆಯ ಹೊಸಲು ದಾಟಿದರೆ ಕೂರಲು ಎಲ್ಲಿದೆ ಕುರ್ಚಿ?

ಒಂದು ಕಾಲಕ್ಕೆ ನಮಗೆ ಕುರ್ಚಿ ಬೇಕಿರಲಿಲ್ಲ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಜಾತ್ರೆಗೆ ಹೋದರೆ ಕೂಸು ಅಜ್ಜಿಯ ಕೈಯಿಂದ ಅತ್ತೆಯ ಕೈಗೆ, ಅಲ್ಲಿಂದ ಸೋದರಮಾವನ ಹೆಗಲಿಗೆ ದಾಟುತ್ತಿತ್ತು. ನಾಲ್ಕು ಹೆಂಗಸರು ಸುತ್ತ ನಿಂತರೆ ಅದೇ ಗೋಡೆ. ಆದರೆ ಇಂದು ಬೆಂಗಳೂರಿನ ಎರಡು ಕೋಣೆಗಳ ಮನೆಯಲ್ಲಿ ಗಂಡ ಹೆಂಡತಿ ಕೂಸು ಮೂವರೇ ಇರುವಲ್ಲಿ ಆ ಕೈಗಳು ಎಲ್ಲಿವೆ? ಟ್ಯಾಂಪಾದ ಮಗಳಿಗೂ ಬನಶಂಕರಿಯ ನೆರೆಮನೆಯ ಹುಡುಗಿಗೂ ಈಗ ಅಂಥ ವ್ಯತ್ಯಾಸವೇನಿಲ್ಲ. ಕೈಗಳು ಹೋದವು, ಅವುಗಳ ಜಾಗಕ್ಕೆ ಕೋಣೆಗಳು ಬರಲಿಲ್ಲ. ಆದ್ದರಿಂದ ತಾಯಿ ಮನೆಯಲ್ಲಿ ಕೂರುತ್ತಾಳೆ, ನಾವು ಅದನ್ನು ಸಂಪ್ರದಾಯವೆನ್ನುತ್ತೇವೆ.

ಮಾಡಬಾರದ್ದೇನೂ ಅಲ್ಲ. ನೆರೆಯ ತಮಿಳುನಾಡು 2015ರಲ್ಲಿ ಬಸ್ ನಿಲ್ದಾಣಗಳಲ್ಲಿ ಹಾಲೂಡುವ ಕೋಣೆಗಳನ್ನು ರಾಜ್ಯದುದ್ದಕ್ಕೂ ತೆರೆಯಿತು. ನಮ್ಮಲ್ಲೂ ಕೆಲವು ನಿಲ್ದಾಣಗಳಲ್ಲಿ ಇವೆ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡುವ ಕೋಣೆಗಳನ್ನು ಒದಗಿಸುವಂತೆ ಕೇಂದ್ರ ಬರೆದಿದ್ದ ಸಲಹೆಯನ್ನು ರಾಜ್ಯಗಳು ಕಾರ್ಯಗತ ಮಾಡಬೇಕೆಂದು ಹೇಳಿದೆ. ಕೋಣೆ ಕಟ್ಟುವುದು ಕಷ್ಟವಲ್ಲ. ಅದಕ್ಕೆ ಬೀಗ ಜಡಿಯದಿರುವುದು, ಅದನ್ನು ಪೊರಕೆ ಬಕೆಟ್ಟುಗಳ ಉಗ್ರಾಣವಾಗಲು ಬಿಡದಿರುವುದು, ನಲ್ಲಿಯಲ್ಲಿ ನೀರು ಬರುವಂತೆ ನೋಡಿಕೊಳ್ಳುವುದು ಕಷ್ಟ. ಅದಕ್ಕಿಂತ ಕಷ್ಟವಾದದ್ದು, ಆ ಕೋಣೆಯವರೆಗೆ ತಾಯಿ ಬರುವಂತೆ ಮಾಡುವುದು. ಅದು ಸರ್ಕಾರದ ಕೆಲಸವಲ್ಲ, ನನ್ನಂಥ ಅಜ್ಜಿಯರದು.

ಬಾಣಬಿರುಸುಗಳ ಸದ್ದು ಕೂಸಿನ ಕಿವಿಗೆ ಬೇಡವೆಂದು ಅದಕ್ಕೆ ಕಾಯದೆ ಹೊರಟೆವು. ಸಂಜೆಯ ದೋಣಿಯಲ್ಲಿ ಮಗಳು ನನ್ನ ಪಕ್ಕ ಬಂದು ಕೂತು, ‘ನಿನ್ನೆ ಯಾಕೆ ಬೇಡ ಅಂದೆ, ಇವತ್ತು ಯಾಕೆ ಹೂಂ ಅಂದೆ?’ ಎಂದು ಕೇಳಿದಳು. ಬಳೆ ಅಂಗಡಿಯ ಹಿಂದಿನ ಆ ಸಂಜೆಯನ್ನು ಮೊದಲ ಸಲ ಅವಳಿಗೆ ಹೇಳಿದೆ. ‘ಆ ಕೂಸು ನಾನೇನಾ?’ ಎಂದಳು. ಅವಳಿಗೆ ಅದರ ನೆನಪಿಲ್ಲ. ಹೇಗಿದ್ದೀತು?

ಮೊಮ್ಮಗಳಿಗೆ 2025ರ ಜನವರಿಯಲ್ಲಿ ಮೂರು ತುಂಬಿತು. ಇನ್ನು ಅವಳಿಗೂ ಟಿಕೀಟು ಬೇಕು. ಅವಳು ನಿದ್ದೆ ಹೋಗಿದ್ದ ಆ ಚಕ್ರದೋಣಿ, ಅದು ಸುತ್ತುತ್ತಿದ್ದ ನದಿ ಎರಡನ್ನೂ ಹೊಸ ಆಟಗಳಿಗೆ ಜಾಗ ಮಾಡಲು 2025ರ ಜುಲೈನಲ್ಲಿ ಮುಚ್ಚಿದರು. ಕೂಸಿಗೂ ನೆನಪಿಲ್ಲ, ಈಗ ನದಿಯೂ ಇಲ್ಲ. ಆದರೆ ಕಟಕಟೆಗೆ ಒರಗಿ, ಕೂದಲು ಹಾರುತ್ತಾ, ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತ ಮಗಳ ಒಂದು ಚಿತ್ರ ನಮ್ಮ ಮನೆಯ ಗೋಡೆಯ ಮೇಲಿದೆ.

ಕಳೆದ ಸಲ ಬಂದಾಗ ಮೊಮ್ಮಗಳು ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ‘ಇದು ಯಾರು ಗೊತ್ತಾ ಪುಟ್ಟಿ?’ ಎಂದು ಹೆಗಲ ಮೇಲಿನ ಕೂಸನ್ನು ತೋರಿಸಿ ಕೇಳಿದೆ. ಅವಳು ತನ್ನನ್ನು ಗುರುತಿಸಲಿಲ್ಲ. ಬೆರಳು ಚಾಚಿ, ‘ಅಮ್ಮ ನಗ್ತಿದಾಳೆ’ ಎಂದಳು.